ತೆಂಕಲಿಗೇ ತೆರೆಯುವ ಪುಸ್ತಕ

"ಬುದ್ಧಿ, ನನ್ನ ಕೈಗೆ ಬರೆದಿರೋ ಕೆಲಸ ಯಾವುದು ಅಂತ ನನಗೆ ಗೊತ್ತಾಗೋದು ಹೇಗೆ?"

ಕೇಳಿದವನು ಮರುಳಪ್ಪ. ಕೇಳಿಸಿಕೊಂಡವರು ಮಠದ ಗುರುಗಳು. ಅವರು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲೇ ದಾಸೋಹದ ಒಲೆ ಉರಿಯುತ್ತಿತ್ತು.

ಮರುಳಪ್ಪ ಮಠದ ಅಚ್ಚುಕೂಟದಲ್ಲಿ ಬೈಂಡಿಂಗ್ ಕಲಿಯುತ್ತಿದ್ದ. ಹಾಳೆ ಮಡಚುವುದು, ಮಡಚಿದ್ದನ್ನು ಜೋಡಿಸುವುದು, ಜೋಡಿಸಿದ್ದನ್ನು ಹೊಲಿಯುವುದು, ಹೊಲಿದದ್ದಕ್ಕೆ ಅಂಟು ಬಳಿಯುವುದು. ವಿದ್ಯೆ ಇನ್ನೂ ತಲೆಗೆ ಹತ್ತಿರಲಿಲ್ಲ. ಅಂಟು ಹತ್ತಿತ್ತು.

ಬೆಳಿಗ್ಗೆ ಬೈಂಡಿಂಗ್ ಮೇಸ್ತ್ರಿ ಅವನನ್ನು ಕರೆದು ಕೇಳಿದ್ದ. "ಇರ್ತೀಯೋ, ಹೋಗ್ತೀಯೋ? ಸಂಜೆಯೊಳಗೆ ಹೇಳಿಬಿಡು. ಇರೋದಾದ್ರೆ ಕಾಯಂ ಮಾಡ್ಕೋತೀನಿ. ಹೋಗೋದಾದ್ರೆ ಕತ್ತರಿ ಇಟ್ಟು ಹೋಗು."

ಮರುಳಪ್ಪನ ಮನಸ್ಸು ಆಗಲೇ ಹೋಗಿಯಾಗಿತ್ತು. ಪೇಟೆಯಲ್ಲಿ ಅವನ ಗೆಳೆಯನದೊಂದು ಮೊಬೈಲ್ ಅಂಗಡಿ ಇತ್ತು. ಅಲ್ಲಿ ಫ್ಯಾನಿನ ಕೆಳಗೆ ಕುಳಿತು ಮೊಬೈಲಿಗೆ ಗಾಜು ಅಂಟಿಸಿದರೆ ಆಯಿತು. ಅಲ್ಲೂ ಅಂಟಿಸುವುದೇ ಎಂಬುದು ಅವನಿಗೆ ಹೊಳೆದಿರಲಿಲ್ಲ. ಫ್ಯಾನು ಮಾತ್ರ ಹೊಳೆದಿತ್ತು. ಆದರೆ "ನಾನೇ ಬಿಟ್ಟೆ" ಎಂದರೆ ಅಪ್ಪ ದೊಣ್ಣೆ ಹುಡುಕುತ್ತಾನೆ. "ಗುರುಗಳ ಕೈಯಲ್ಲೇ ಬಿಡು ಅಂತ ಬಂತು" ಎಂದರೆ ಅಪ್ಪನ ಬಾಯಿಗೆ ಬೀಗ.

ಅದಕ್ಕೇ ಕಟಿಂಗ್ ಮಿಷನ್ನಿನ ಕೆಳಗೆ ಉದುರಿದ ಹಾಳೆಯ ಚೂರು ಆರಿಸಿ, ಎರಡು ಚೀಟಿ ಬರೆದು, ಸುರುಳಿ ಸುತ್ತಿ, ಚೊಂಬಿನಲ್ಲಿ ಹಾಕಿ ತಂದಿದ್ದ.

"ಒಂದರಲ್ಲಿ 'ಇರು' ಅಂತಿದೆ, ಒಂದರಲ್ಲಿ 'ಬಿಡು' ಅಂತಿದೆ ಬುದ್ಧಿ. ತಾವು ಕಣ್ಣು ಮುಚ್ಚಿ ಒಂದು ಎತ್ತಬೇಕು. ಉಳಿದದ್ದನ್ನ ಯಾರೂ ನೋಡಬಾರದು. ನೋಡದೇ ಒಲೆಗೆ ಹಾಕಬೇಕು. ನೋಡಿದ್ರೆ ದೈವಕ್ಕೆ ಸಿಟ್ಟು ಬರುತ್ತಂತೆ."

"ಯಾರು ಹೇಳಿದರು?"

"ಹಿರಿಯರು ಬುದ್ಧಿ."

"ಯಾವ ಹಿರಿಯರು?"

"ಎಲ್ಲಾ ಹಿರಿಯರೂ."

ಗುರುಗಳು ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿದರು. ಬಿಡಿಸಲಿಲ್ಲ. ಮಡಿಲಲ್ಲಿಟ್ಟುಕೊಂಡರು. ಇನ್ನೊಂದು ಚೊಂಬಿನಲ್ಲೇ ಉಳಿಯಿತು.

"ಕಾಯಿ ಮುಗಿಯಲಿ, ಆಮೇಲೆ ಓದೋಣ. ಅಲ್ಲಿಯವರೆಗೆ ಒಂದು ಕತೆ ಕೇಳು. ಸುಮ್ಮನೆ ಕೇಳಬೇಡ, ಸುಲಿಯುತ್ತಾ ಕೇಳು."

ಮರುಳಪ್ಪ ಒಂದು ಬೊಗಸೆ ಕಾಯಿ ಎಳೆದುಕೊಂಡ. ಗುರುಗಳು ಹೇಳತೊಡಗಿದರು.

ಒಂದು ಊರು. ಆ ಊರಿನ ಬಡಗಲ ಬೀದಿಯಲ್ಲಿ ಒಬ್ಬ ಬೈಂಡರ್ ಇದ್ದ. ಕೈ ಒಳ್ಳೆಯದು, ಬಾಯಿ ಸುಮಾರು. ಅವನು ಹೊಲಿದ ಪುಸ್ತಕವನ್ನು ಎಮ್ಮೆ ತುಳಿದರೂ ಹಾಳೆ ಬಿಡುತ್ತಿರಲಿಲ್ಲ. ಆದರೂ ಅವನಿಗೆ ಒಂದು ಕೊರಗು. ಪುಸ್ತಕದ ಮೇಲೆ ಬರೆದವನ ಹೆಸರು ಇರುತ್ತದೆ. ಒಳಗೆ ಅಚ್ಚು ಹಾಕಿದವನ ಹೆಸರು ಇರುತ್ತದೆ. ಕಟ್ಟಿದವನ ಹೆಸರು ಎಲ್ಲೂ ಇಲ್ಲ. ಹಾಳೆ ಕಿತ್ತು ಬಂದ ದಿನ ಮಾತ್ರ ಜನ ಅವನನ್ನು ನೆನೆಯುತ್ತಾರೆ. "ಯಾವನೋ ಇದನ್ನ ಬೈಂಡ್ ಮಾಡಿದ್ದು?"

ಅವನ ಮೈಯೆಲ್ಲ ಮೈದಾ ಅಂಟಿನ ಹುಳಿ ವಾಸನೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕುಳಿತರೆ ಪಕ್ಕದವರು ಎಲೆ ಸರಿಸಿಕೊಳ್ಳುತ್ತಿದ್ದರು.

ಅವನ ಬಾಮೈದ ತೆಂಕಲ ಊರೊಂದರಲ್ಲಿ ಹೋಟೆಲ್ ಇಟ್ಟಿದ್ದ. ಬಂದಾಗಲೆಲ್ಲ ಒಂದೇ ಮಾತು. "ಬಂದ್ಬಿಡಿ ಭಾವ. ಗಲ್ಲಾದ ಮೇಲೆ ಕೂತ್ಕೊಳ್ಳಿ. ಬಂದೋರಿಗೆಲ್ಲ ನಮಸ್ಕಾರ ಅನ್ನಿ. ಅಷ್ಟೇ ಕೆಲಸ."

ಬೈಂಡರನ ಹೆಂಡತಿ ತನ್ನ ತಮ್ಮನನ್ನು ತೊಟ್ಟಿಲಿನಿಂದ ಬಲ್ಲವಳು. "ಗಲ್ಲಾದ ಮೇಲೆ ಅವನು ದೇವರ ಪಟವನ್ನೇ ಕೂರಿಸಲ್ಲ, ನಿಮ್ಮನ್ನ ಕೂರಿಸ್ತಾನಾ? ನಿಮ್ಮ ಜಾಗ ಲೋಟ ತೊಳೆಯೋ ಕಡೆ. ನಂಟಿನ ಮನೇಲಿ ಅಂಟಿಕೊಳ್ಳೋಕೆ ಹೋಗಬೇಡಿ."

ಹೋಗಬೇಕೆಂದು ಅವನಿಗೆ ಆಸೆ. ಹೋಗುತ್ತೇನೆ ಎನ್ನಲು ಹೆಂಡತಿಯ ಭಯ. ಹೀಗೆ ಇರುವಾಗ ಅವನ ಅಂಗಡಿಗೆ ಗುಡಿಯ ಪೂಜಾರಿ ಬಂದರು. ಕಂಕುಳಲ್ಲಿ ಒಂದು ಗಂಟು. ಗಂಟಿನಲ್ಲಿ ಆ ಊರಿನ ಶಕುನದ ಪುಸ್ತಕ.

ಆ ಪುಸ್ತಕ ನೋಡುವ ಬಗೆ ಹೀಗೆ. ಕಷ್ಟ ಬಂದವರು ಮಣೆಯ ಮುಂದೆ ಕೂರಬೇಕು. ಪುಸ್ತಕವನ್ನು ಮಣೆಯ ಮೇಲೆ ಹೊಲಿದ ಬೆನ್ನು ಕೆಳಗಾಗಿ ನಿಲ್ಲಿಸಿ, ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕೇಳಿ, ಕೈ ಬಿಡಬೇಕು. ಪುಸ್ತಕ ಎಲ್ಲಿ ತೆರೆದು ಬೀಳುತ್ತದೋ ಅದೇ ಉತ್ತರ. ಕೇಳಿದವರು ಕಣ್ಣು ತೆರೆಯುವ ಹಾಗಿಲ್ಲ. ಪೂಜಾರಿ ಓದಿ ಹೇಳುತ್ತಾರೆ.

ಆದರೆ ಪುಸ್ತಕ ಹಳೆಯದು. ದಾರವೆಲ್ಲ ಸತ್ತಿತ್ತು. ಗಾಳಿ ಬಂದರೆ ಉತ್ತರಗಳು ಹಾರುತ್ತಿದ್ದವು. ಪೂಜಾರಿ ಬೀದಿಯಲ್ಲಿ ಓಡಿ ಹಿಡಿದು ತರುತ್ತಿದ್ದರು. ಹಿಂದಿನ ವಾರ ಒಬ್ಬನ ಉತ್ತರವನ್ನು ಮೇಕೆ ತಿಂದಿತ್ತು. ಅವನು ಮೇಕೆಯ ಹಿಂದೆಯೇ ತಿರುಗುತ್ತಿದ್ದ.

"ಗಟ್ಟಿಯಾಗಿ ಕಟ್ಟಿಕೊಡಪ್ಪ" ಎಂದು ಹೇಳಿ ಪೂಜಾರಿ ಹೋದರು.

ಇಲ್ಲಿ ಮರುಳಪ್ಪ ಕಿಸಕ್ಕನೆ ನಕ್ಕ. "ಮೇಕೆ ಹಿಂದೆ ತಿರುಗಿ ಏನು ಸಿಕ್ಕಿತು ಬುದ್ಧಿ?"

"ಹಿಕ್ಕೆ. ಸುಲಿ."

ಬೈಂಡರ್ ಶ್ರದ್ಧೆಯಿಂದ ಕಟ್ಟಿದ. ಹಾಳೆಗಳ ಧೂಳು ಒರೆಸಿದ, ಜೋಡಿಸಿದ, ದಬ್ಬಣದಿಂದ ತೂತು ಹಾಕಿ ಹೊಲಿದ, ಬೆನ್ನಿಗೆ ಅಂಟು ಬಳಿದ. ಹೊಲಿಯುವಾಗ ಒಂದೊಂದು ಪುಟವನ್ನೂ ಓದಿದ. ಕೆಲವು ಪುಟ 'ತಾಳು' ಎಂದವು. ಕೆಲವು 'ದಾನ ಮಾಡು' ಎಂದವು. ಅವನ್ನು ಬೇಗ ಬೇಗ ಹೊಲಿದ. ನಡುವಿನ ಒಂದು ಪುಟಕ್ಕೆ ಬಂದು ದಬ್ಬಣ ನಿಂತಿತು.

'ಇದ್ದ ಜಾಗ ಬಿಡು. ಹಿಡಿದ ಕೆಲಸ ಬಿಡು. ತೆಂಕಲಿಗೆ ನಡೆ. ಶುಭವಾದೀತು.'

ಎಷ್ಟು ಚಂದದ ಪುಟ ಎಂದುಕೊಂಡ. ಉಳಿದದ್ದನ್ನು ಹೊಲಿದು, ಅಂಟು ಬಳಿದು ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಬೆನ್ನಿನ ಅಂಟು ಇನ್ನೂ ಹಸಿ. ಅಂಟು ಹಸಿ ಇರುವಾಗ ಪುಸ್ತಕವನ್ನು ತೆರೆಯಬಾರದು, ಮುಚ್ಚಿ ಮೇಲೆ ಭಾರ ಹೇರಬೇಕು. ಇದು ಬೈಂಡಿಂಗಿನ ಮೊದಲ ಪಾಠ. ಅವನಿಗೂ ಗೊತ್ತು. ಆದರೂ ಆ ಪುಟವನ್ನು ಬಿಡಲಾರದೆ, ಪುಸ್ತಕವನ್ನು ಅಲ್ಲೇ ಅಗಲಿಸಿದ. ಮುಚ್ಚಿಕೊಳ್ಳದಿರಲಿ ಎಂದು ಅದರ ಮೇಲೆ ಅಂಟಿನ ಡಬ್ಬ ಇಟ್ಟ. ಚಿತ್ರಾನ್ನ ತಿನ್ನುತ್ತಾ ಓದಿದ. ತಿಂದು ಮುಗಿಸಿಯೂ ಓದಿದ. ಓದುತ್ತಾ ನಿದ್ದೆ ಹೋದ. ಎದ್ದಾಗ ಬೆನ್ನು ಒಣಗಿತ್ತು. ನಿದ್ದೆಗಣ್ಣಲ್ಲೇ ಡಬ್ಬ ಎತ್ತಿ, ಪುಸ್ತಕ ಮುಚ್ಚಿ, ರಟ್ಟು ಹಾಕಿ, ಅಂಚು ಕತ್ತರಿಸಿ ಕೊಟ್ಟುಬಿಟ್ಟ.

ಡಬ್ಬದ ವಿಚಾರ ಮರೆತೇ ಹೋಯಿತು. ಪುಸ್ತಕ ಮರೆಯಲಿಲ್ಲ. ಪುಸ್ತಕದ ಬೆನ್ನಿಗೆ ಹಸಿಯಲ್ಲಿ ಏನು ಕಲಿಸುತ್ತೇವೋ, ಒಣಗಿದ ಮೇಲೆ ಅದು ಅದನ್ನೇ ಹೇಳುತ್ತದೆ.

ಗುಡಿಯಲ್ಲಿ ಮೊದಲು ಬಂದವನು ಹಾಸಿಗೆ ಹಿಡಿದ ಒಬ್ಬ ಮುದುಕನ ಮಗ. ಅಪ್ಪನಿಗೆ ವಾಸಿಯಾಗುತ್ತದೆಯೇ ಎಂದು ಕೇಳಿ ಕೈ ಬಿಟ್ಟ. ಪುಸ್ತಕ ನಡುವಿಗೆ ತೆರೆದು ಬಿತ್ತು. ಪೂಜಾರಿ ಬಗ್ಗಿ ನೋಡಿದರು. ಪುಟದ ಮೇಲೆ ದುಂಡಗೆ ಒಂದು ಗುರುತು, ಅದರ ಪಕ್ಕದಲ್ಲಿ ಅರಿಶಿನ. ಹಿಂದೆ ಅದು ಇರಲಿಲ್ಲ. ಪೂಜಾರಿ ಕೈ ಮುಗಿದರು. "ಚಕ್ರ ಮೂಡಿದೆ" ಎಂದರು. ಕುಂಕುಮ ಹಚ್ಚಿದರು. ಆಮೇಲೆ ಓದಿದರು. ಇದ್ದ ಜಾಗ ಬಿಡು. ತೆಂಕಲಿಗೆ ನಡೆ.

ಮಗ ಅಳುತ್ತಾ ಹೋಗಿ ಅಪ್ಪನಿಗೆ ಹೇಳಿದ. ತೆಂಕಲಲ್ಲಿ ಇರುವುದು ಯಮ. ಮುದುಕ ಕಂಬಳಿ ಒದ್ದು ಎದ್ದ. "ಯಾವನೋ ಅವನು, ನನ್ನನ್ನ ತೆಂಕಲಿಗೆ ಕಳಿಸೋನು? ಮೊದಲು ಅವನನ್ನ ಕಳಿಸ್ತೀನಿ" ಎಂದು ಕೋಲು ಹಿಡಿದು ಗುಡಿಯ ತನಕ ನಡೆದುಬಂದ. ಬರುವಷ್ಟರಲ್ಲಿ ಬೆವರು ಕಿತ್ತುಕೊಂಡು ಜ್ವರ ಬಿಟ್ಟಿತ್ತು. ಪೂಜಾರಿ ಗರ್ಭಗುಡಿಯೊಳಗೆ ಅಡಗಿದರು. ಜನ ಹೊರಗೆ ಮಂಗಳಾರತಿ ಎತ್ತಿದರು.

ಅಲ್ಲಿಂದ ಶುರುವಾಯಿತು ನೋಡು ಸಾಲು.

ಕಳೆದ ಎಮ್ಮೆ ಎಲ್ಲಿದೆ ಎಂದು ಕೇಳಿದವನು ತೆಂಕಲಿಗೆ ಹೋಗಿ ಬೇರೆ ಯಾರದೋ ಎಮ್ಮೆ ಹೊಡೆದುಕೊಂಡು ಬಂದ. ಅತ್ತೆ ಸೊಸೆ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬಂದು ಕೇಳಿದರು. ಇಬ್ಬರಿಗೂ 'ಇದ್ದ ಜಾಗ ಬಿಡು' ಎಂದೇ ಬಂತು. "ಬಿಡು ಅಂದದ್ದು ನಿಮಗೆ ಅತ್ತೆ." "ನನಗಲ್ಲ ಕಣೆ, ನಿನಗೆ." ಕೊನೆಗೆ ಇಬ್ಬರೂ ಗಂಟು ಕಟ್ಟಿ ಒಂದೇ ಗಾಡಿ ಹತ್ತಿ ತೆಂಕಲಿಗೆ ಹೋದರು. ಜಗಳ ಅಲ್ಲಿ ಮುಂದುವರಿಯಿತು. ಕ್ಷೌರದ ಅಂಗಡಿಯವನು, ಬಳೆಯವನು, ಸೈಕಲ್ ರಿಪೇರಿಯವನು, ಎಲ್ಲರೂ ವ್ಯಾಪಾರ ಕುದುರೀತೇ ಎಂದು ಕೇಳಿದರು, ಎಲ್ಲರೂ ಅಂಗಡಿ ಕಿತ್ತು ತೆಂಕಲಿಗೆ ಇಟ್ಟರು. ತೆಂಕಲಲ್ಲಿ ಕೆರೆ. ಏರಿಯ ಮೇಲೆ ಸಾಲಾಗಿ ಅಂಗಡಿಗಳು ನಿಂತವು. ಇನ್ನೊಂದು ಸುತ್ತು ಶಕುನ ಕೇಳಿದ್ದರೆ ಊರೇ ನೀರಿಗೆ ಇಳಿಯುತ್ತಿತ್ತು.

ಬಡಗಲ ಬೀದಿ ಬರಿದಾಯಿತು. ಬೈಂಡರನ ಅಂಗಡಿ ಮುಂದೆ ಕೆಲಸ ತರುವವರಿಲ್ಲ. ನಾಯಿ ಕೂಡ ತೆಂಕಲಿಗೆ ಹೋಗಿ ಮಲಗಿತು. ಅವನು ಹೆಂಡತಿಗೆ ಹೇಳಿದ. "ನಿನ್ನ ಮಾತೂ ಬೇಡ, ನನ್ನ ಮಾತೂ ಬೇಡ. ಪುಸ್ತಕ ಹೇಳಿದ ಹಾಗೆ ಆಗಲಿ."

ಗುಡಿಗೆ ಹೋದ. ಮಣೆಯ ಮುಂದೆ ಕುಳಿತ. ಕಣ್ಣು ಮುಚ್ಚಿ, ನಾನು ಬೈಂಡಿಂಗ್ ಬಿಡಲೋ ಇರಲೋ ಎಂದು ಕೇಳಿ, ಕೈ ಬಿಟ್ಟ.

"ಏನು ಬಂದಿರಬಹುದು?" ಗುರುಗಳು ಕೇಳಿದರು.

ಮರುಳಪ್ಪ ನಗು ತಡೆಯಲಾರದೆ ಅವರೆಕಾಳು ಚೆಲ್ಲಿದ. "ತೆಂಕಲಿಗೆ ನಡೆ, ಬುದ್ಧಿ."

ಅದೇ ಬಂತು. ಬೈಂಡರ್ ಉದ್ದಕ್ಕೆ ಅಡ್ಡಬಿದ್ದ. ಮನೆಗೆ ಬಂದು, "ನಾನು ಹೇಳಿದ್ದಲ್ಲ ಕಣೆ, ದೈವ ಹೇಳಿದ್ದು" ಎಂದ. ಹೆಂಡತಿ ಬುತ್ತಿ ಕಟ್ಟಿಕೊಟ್ಟು ತಾನು ಮನೆಯಲ್ಲೇ ಉಳಿದಳು. ದೈವದ ಜತೆ ಯಾರು ಜಗಳ ಆಡುತ್ತಾರೆ? ಅಂಗಡಿಗೆ ಬೀಗ ಬಿತ್ತು.

ತೆಂಕಲ ಊರಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಬಾಮೈದನೇ ಕುಳಿತಿದ್ದ. ಬೈಂಡರನಿಗೆ ಸಿಕ್ಕಿದ್ದು ದೋಸೆಯ ಹೆಂಚು. ಅಲ್ಲೂ ಹುಳಿ ಹಿಟ್ಟು. ವಾಸನೆಯೂ ಹೆಚ್ಚು ಕಡಿಮೆ ಅದೇ.

ಕೆಲಸ ಬಿಟ್ಟು ಬಂದವನು ಅವನು. ಕೈ ಮಾತ್ರ ಕೆಲಸ ಬಿಟ್ಟಿರಲಿಲ್ಲ. ದೋಸೆಗೆ ಕೆಂಪು ಚಟ್ನಿ ಸವರಿದರೆ ಅಂಚಿನವರೆಗೆ, ಒಂದು ಕೂದಲೆಳೆ ಜಾಗ ಬಿಡದೆ ಸವರುವನು. ಮೂಲೆಗೆ ಮೂಲೆ ಕೂಡಿಸಿ ಮಡಚುವನು. ಮಡಿಕೆಯ ಮೇಲೆ ಸೌಟಿನ ಹಿಡಿಯಿಂದ ಗೆರೆ ಎಳೆದು ಒತ್ತುವನು. ಹತ್ತು ದೋಸೆಯಾದರೆ ಒಟ್ಟಿಗೆ ನಿಲ್ಲಿಸಿ, ಕುಟ್ಟಿ, ಅಂಚು ಸಮ ಮಾಡುವನು. ಬಾಳೆ ಎಲೆಗಳನ್ನು ಕತ್ತರಿಯಿಂದ ಒಂದೇ ಅಳತೆಗೆ ಕತ್ತರಿಸಿಟ್ಟ. ಗಿರಾಕಿಗಳು ದೋಸೆಯನ್ನು ಬಿಡಿಸಲಾರದೆ ಒದ್ದಾಡಿದರು. ಒಬ್ಬ ಕೂಗಿಯೇ ಬಿಟ್ಟ. "ಸ್ವಾಮೀ, ಇದನ್ನ ತಿನ್ನೋದೋ, ಓದೋದೋ?"

ಬಾಮೈದ ಓಡಿ ಬಂದ. "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ದೋಸೆಗೆ ಬೆನ್ನು ಯಾಕೆ ಕೂರಿಸ್ತೀರಿ?"

"ಬೆನ್ನು ನಿಲ್ಲದಿದ್ರೆ ಹಾಳೆ ನಿಲ್ಲಲ್ಲ ಕಣೋ" ಎಂದ ಬೈಂಡರ್. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಹಾಳೆ ಎಂದೆನಲ್ಲ ಎಂದುಕೊಂಡ. ಏಪ್ರನ್ನು ಬಿಚ್ಚಿ, ಮಡಚಿ, ಗೆರೆ ಒತ್ತಿ, ಮೇಜಿನ ಮೇಲಿಟ್ಟು ಊರಿನ ಬಸ್ಸು ಹತ್ತಿದ.

ಹೆಂಡತಿಯ ಮುಂದೆ ನಿಲ್ಲಲು ಮುಖ ಬೇಕಲ್ಲ. ನೆಟ್ಟಗೆ ಗುಡಿಗೆ ಹೋದ. ಹಿಂದಕ್ಕೆ ಬಾ ಎಂದು ದೈವವೇ ಹೇಳಿಬಿಟ್ಟರೆ ಆಕೆ ಮಾತಾಡುವ ಹಾಗಿಲ್ಲ. ಕಣ್ಣು ಮುಚ್ಚಿದ, ಕೇಳಿದ, ಕೈ ಬಿಟ್ಟ.

ಪೂಜಾರಿ ಓದಿದರು. "ಇದ್ದ ಜಾಗ ಬಿಡು. ಹಿಡಿದ ಕೆಲಸ ಬಿಡು. ತೆಂಕಲಿಗೆ ನಡೆ."

"ತೆಂಕಲಿಂದಲೇ ಬಂದೆ ಅಯ್ಯನೋರೇ. ಇನ್ನೆಷ್ಟು ತೆಂಕಲು? ಮುಂದೆ ಸಮುದ್ರ ಇದೆ."

"ಚಕ್ರದ ಪುಟ ಅದು. ಸುಳ್ಳು ಹೇಳಲ್ಲ. ಬೇಕಾದ್ರೆ ಕಣ್ಣು ಬಿಟ್ಟು ನೀನೇ ನೋಡು."

ಬೈಂಡರ್ ಕಣ್ಣು ಬಿಟ್ಟ. ಕುಂಕುಮದ ನಡುವೆ ದುಂಡಗಿನ ಗುರುತು. ಒಂದು ಕಡೆ ಚಪ್ಪಟೆ. ಅವನ ಅಂಟಿನ ಡಬ್ಬಕ್ಕೆ ಒಮ್ಮೆ ಸುತ್ತಿಗೆ ಬಿದ್ದು ಅಂಚು ಅದೇ ಜಾಗದಲ್ಲಿ ಚಪ್ಪಟೆಯಾಗಿತ್ತು. ಪಕ್ಕದಲ್ಲಿ ಹಳದಿ ಕಲೆ. ಎರಡು ಪುಟ ಕೂಡುವ ಸಂದಿಯಲ್ಲಿ ಹುರಿದ ಸಾಸಿವೆಯ ಕಾಳೊಂದು ಅಂಟಿ ಕುಳಿತಿತ್ತು.

ಅವನು ಪುಸ್ತಕ ಎತ್ತಿದ. ಬೆನ್ನಿನ ಮೇಲೆ ನಿಲ್ಲಿಸಿ ಕೈ ಬಿಟ್ಟ. ಅದೇ ಪುಟ. ಏನೂ ಕೇಳದೆ ಕೈ ಬಿಟ್ಟ. ಅದೇ ಪುಟ. ಪೂಜಾರಿಗೆ ಮಕ್ಕಳೆಷ್ಟು ಎಂದು ಕೇಳಿ ಕೈ ಬಿಟ್ಟ. ತೆಂಕಲಿಗೆ ನಡೆ ಎಂದಿತು.

"ಅಯ್ಯನೋರೇ, ಇದು ಚಕ್ರ ಅಲ್ಲ. ನನ್ನ ಅಂಟಿನ ಡಬ್ಬ. ಅದು ಅರಿಶಿನ ಅಲ್ಲ, ನನ್ನ ಚಿತ್ರಾನ್ನ. ಹಸಿ ಇರೋವಾಗ ನಾನೇ ಇಲ್ಲಿ ಬೆನ್ನು ಮುರಿದೆ. ಇಷ್ಟ ಆಗಿತ್ತು ಅಂತ."

ಪೂಜಾರಿ ಬಾಗಿಲ ಕಡೆ ನೋಡಿದರು. "ಮೆಲ್ಲಗೆ ಹೇಳಪ್ಪ. ಇಡೀ ಊರು ಹೋಗಿ ಕೆರೆ ಏರಿ ಮೇಲೆ ಕೂತಿದೆ."

ಬೈಂಡರ್ ಪುಸ್ತಕವನ್ನು ಅಂಗಡಿಗೆ ತಂದ. ಬೀಗ ತೆಗೆದ. ದಾರ ಕತ್ತರಿಸಿ, ಹಾಳೆ ಹಾಳೆ ಬಿಡಿಸಿ, ಹೊಸದಾಗಿ ಹೊಲಿದ. ಅಂಟು ಬಳಿದು, ಮುಚ್ಚಿ, ಮೇಲೆ ಕಲ್ಲು ಹೇರಿ, ಒಣಗುವವರೆಗೆ ಮುಟ್ಟಲಿಲ್ಲ. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ಈಗ ಯಾವ ದೈವ ಕಳಿಸಿತು?" ಎಂದಳು. "ಯಾವುದೂ ಇಲ್ಲ, ನಾನೇ ಬಂದೆ" ಎಂದ. ಆಕೆ ಒಳಗೆ ಹೋಗಿ ಇನ್ನೊಂದು ಪಾವು ಅಕ್ಕಿ ತೊಳೆದಳು.

ಪುಸ್ತಕ ಗುಡಿಗೆ ಹೋಯಿತು. ಈಗ ಅದು ಎಲ್ಲಿ ಬೇಕಾದರೂ ತೆರೆದುಕೊಳ್ಳುತ್ತಿತ್ತು. ಒಬ್ಬನಿಗೆ ತಾಳು ಎಂದಿತು, ಒಬ್ಬಳಿಗೆ ದಾನ ಮಾಡು ಎಂದಿತು. ಜನಕ್ಕೆ ಸಿಟ್ಟು ಬಂತು. ಮೊದಲು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ ಸತ್ಯವಂತ ಪುಸ್ತಕ, ಈಗ ಬಾಯಿಗೆ ಬಂದಂತೆ ಮಾತಾಡುತ್ತಿದೆ ಎಂದರು. ಸಿಟ್ಟಿನಲ್ಲೇ ಅಂಗಡಿ ಕಿತ್ತುಕೊಂಡು ಒಬ್ಬೊಬ್ಬರಾಗಿ ಹಳೆಯ ಬೀದಿಗೆ ಬಂದರು. ಎಮ್ಮೆಯವನು ಬೈಂಡರನ ಅಂಗಡಿ ಮುಂದೆ ನಿಂತೇ ಕೂಗಿದ. "ಯಾವನೋ ಇದನ್ನ ಬೈಂಡ್ ಮಾಡಿದ್ದು?"

"ನಾನೇ ಕಣಣ್ಣ" ಎಂದ ಒಳಗಿನಿಂದ ಬೈಂಡರ್. ತಲೆ ಎತ್ತದೆ ಹೊಲಿಯುತ್ತಿದ್ದ.

ಒಂದು ದಿನ ಪೂಜಾರಿ ಕೇಳಿದರು. "ಈಗ ಪುಸ್ತಕ ಸರಿಯಾಗಿದೆಯಲ್ಲಪ್ಪ. ಇರಬೇಕೋ ಹೋಗಬೇಕೋ ಅಂತ ನೀನೂ ಒಂದು ಸಲ ಕೇಳಿಬಿಡು."

ಬೈಂಡರ್ ಕೈ ಮುಗಿದ. "ಬೇಡಿ ಅಯ್ಯನೋರೇ. ಹೋಗೋ ಮನಸ್ಸಾದ್ರೆ ನಾನೇ ಹೋಗ್ತೀನಿ. ಪುಸ್ತಕಕ್ಕೆ ಯಾಕೆ ಕೆಟ್ಟ ಹೆಸರು?"

ಕತೆ ಮುಗಿಯಿತು. ಅವರೆಕಾಯಿಯೂ ಮುಗಿಯಿತು. ಮರುಳಪ್ಪ ಕಣ್ಣೊರೆಸಿಕೊಂಡು ನಗುತ್ತಲೇ ಇದ್ದ.

"ಎಂಥ ಪೆದ್ದ ಬುದ್ಧಿ ಅವನು. ತಾನೇ ಮುರಿದ ಪುಟ, ತಾನೇ ಕೇಳಿ, ದೈವ ಹೇಳಿತು ಅಂತ ತಾನೇ ಅಡ್ಡಬೀಳ್ತಾನಲ್ಲ."

"ಪೆದ್ದನೇ" ಎಂದರು ಗುರುಗಳು. ಮಡಿಲಿನ ಚೀಟಿ ಬಿಡಿಸಿದರು. ದೂರ ಹಿಡಿದು ಓದಿದರು. "ಬಿಡು ಅಂತಿದೆಯಪ್ಪ."

ಮರುಳಪ್ಪ ಥಟ್ಟನೆ ನಗು ನಿಲ್ಲಿಸಿ, ಮುಖ ಸಪ್ಪೆ ಮಾಡಿಕೊಂಡು, ಎರಡೂ ಕೈ ಮುಗಿದ. "ಏನು ಮಾಡೋಕಾಗುತ್ತೆ ಬುದ್ಧಿ. ನನಗೇನೋ ಇರಬೇಕು ಅಂತಲೇ ಇತ್ತು. ದೈವದ ಇಚ್ಛೆ." ಹೇಳುತ್ತಾ ಚೊಂಬಿಗೆ ಕೈ ಹಾಕಿ, ಉಳಿದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು, ಒಲೆಯ ಕಡೆಗೆ ಎರಡು ಹೆಜ್ಜೆ ಇಟ್ಟ.

ಗುರುಗಳು ಅವರೆಕಾಳಿನ ಮೊರ ಕೊಡವುತ್ತಾ ಹೇಳಿದರು. "ಒಲೆಗೆ ಹಾಕುವ ಮೊದಲು ಅದನ್ನೂ ಒಂದು ಸಲ ಗಟ್ಟಿಯಾಗಿ ಓದಿಬಿಡು ಮರುಳಪ್ಪ."